ಕಬ್ಬಿಣದ ಟಗರು

ಒಂದು ಟಗರನ್ನು ಗೂಟಕ್ಕೆ ಕಟ್ಟುವುದು. ದೂರದಲ್ಲಿ ಬಂದೂಕು ಹಿಡಿದವರು ಸಾಲಾಗಿ ನಿಲ್ಲುವುದು. ಯಾರ ಗುಂಡಿಗೆ ಮೊದಲು ರಕ್ತ ಕಾಣುತ್ತದೋ ಅವನು ಗೆದ್ದ. ಇದು ಮೆಕ್ಸಿಕೋ ದೇಶದಲ್ಲಿ ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಹಬ್ಬಹರಿದಿನಗಳಲ್ಲಿ ನಡೆಯುತ್ತಿದ್ದ ಪಂದ್ಯ. ಕೋಳಿ, ಹಂದಿ, ಟರ್ಕಿಕೋಳಿಗಳನ್ನೂ ಹೀಗೇ ಕಟ್ಟುತ್ತಿದ್ದರು.

1940ರ ದಶಕದ ಕೊನೆಗೆ ಅಲ್ಲಿಯವರೇ ಜೀವಂತ ಪ್ರಾಣಿಗಳನ್ನು ಬಿಟ್ಟು, ದಪ್ಪ ಲೋಹದ ಹಲಗೆಯಲ್ಲಿ ಅವುಗಳ ಆಕಾರ ಕತ್ತರಿಸಿ ನಿಲ್ಲಿಸಿದರು. ಆ ಆಟ ಅಮೆರಿಕಕ್ಕೆ ಹೋಯಿತು. 1973ರಲ್ಲಿ ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅದನ್ನು ಒಪ್ಪಿಕೊಂಡಿತು. ಈಗಲೂ ನಡೆಯುತ್ತಿದೆ. ಕೋಳಿ 200 ಮೀಟರಿಗೆ, ಹಂದಿ 300ಕ್ಕೆ, ಟರ್ಕಿ 385ಕ್ಕೆ, ಟಗರು 500ಕ್ಕೆ. ನಿಂತೇ ಹೊಡೆಯಬೇಕು, ಏನಕ್ಕೂ ಒರಗುವಂತಿಲ್ಲ. ಐದು ಆಕಾರಕ್ಕೆ ಐದು ಗುಂಡು, ಎರಡೂವರೆ ನಿಮಿಷ. ಗುಂಡು ತಾಗಿದರೆ ಸಾಲದು, ಉರುಳಬೇಕು. ತಾಗಿಯೂ ನಿಂತೇ ಇದ್ದರೆ ಲೆಕ್ಕಕ್ಕಿಲ್ಲ.

ಯಾವ ಜೀವವೂ ಸಾಯದ ಈ ಆಟದಲ್ಲಿ ತಪ್ಪೇನಿದೆ? ಇದು ನಮ್ಮ ಪ್ರಶ್ನೆ. ಎಲ್ಲೋ ಮೆಕ್ಸಿಕೋದ ಆಟ ನಮಗ್ಯಾಕೆ ಅನ್ನಬೇಡಿ. ಹಿಂಸೆ ಹೇಗೆ ವೇಷ ಬದಲಿಸುತ್ತೆ ಅನ್ನೋದು ನಮಗೆ ಗೊತ್ತಿರಬೇಕಾದ ಪಾಠ.

ಮೊದಲೇ ಒಂದು ಮಾತು. ನಾವು ಮಾಂಸ ತಿನ್ನುವ ಜನ. ಮಣೆ ಹಾಕಿಕೊಂಡು ಕೂತು ಅಹಿಂಸೆ ಬೋಧಿಸುವವರ ಸಾಲಿನಲ್ಲಿ ನಮಗೆ ಜಾಗವೂ ಇಲ್ಲ, ಆಸೆಯೂ ಇಲ್ಲ. ಕುರಿಯ ರಕ್ತಕ್ಕೆ ಕಣ್ಣೀರು ಹಾಕಿ, ಕೇರಿಯ ಮನುಷ್ಯನ ರಕ್ತ ಕಂಡಾಗ ಮುಖ ತಿರುಗಿಸುವ ಕರುಣೆಯನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಹೊಟ್ಟೆಗಾಗಿ ಕೊಂದವನಿಗೆ ತಾನು ಕೊಂದದ್ದು ಏನು ಅಂತ ಗೊತ್ತಿರುತ್ತದೆ. ಅವನೇ ಅದರ ಚರ್ಮ ಸುಲಿದಿರುತ್ತಾನೆ, ಕರುಳು ತೊಳೆದಿರುತ್ತಾನೆ, ಮಕ್ಕಳಿಗೆ ಪಾಲು ಹಾಕಿರುತ್ತಾನೆ. ನಮ್ಮ ತಕರಾರು ಕೊಲ್ಲುವುದನ್ನು ಮೋಜು ಮಾಡಿಕೊಂಡವರ ಮೇಲೆ.

ಹಾಗಾಗಿ ಮೆಕ್ಸಿಕೋದವರು ಮಾಡಿದ್ದು ಸಣ್ಣ ಕೆಲಸ ಅಂತ ನಾವು ಹೇಳುವುದಿಲ್ಲ. ಅದು ದೊಡ್ಡದೇ. ರಕ್ತ ಇಲ್ಲದೆ ಆಟಕ್ಕೆ ಗತ್ತಿಲ್ಲ, ಇದು ಹಿರೀಕರಿಂದ ಬಂದದ್ದು ಅಂತ ಅಲ್ಲಿಯೂ ಯಾರೋ ಹೇಳಿಯೇ ಇರಬೇಕು. ರಕ್ತ ಹೋಯಿತು. ಗುರಿ ಕೆಟ್ಟಿತೆ? ಇಲ್ಲ. ಒಲಿಂಪಿಕ್ಸ್ ಕತೆಯೂ ಹೀಗೇ. 1900ರ ಪ್ಯಾರಿಸ್ ಕೂಟದ ಹೊತ್ತಿಗೆ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ನೂರಾರು ಕೊಂದರು. 1908ರಲ್ಲಿ ಲಂಡನ್ನಿನಲ್ಲಿ ಓಡುವ ಜಿಂಕೆಯ ಪಂದ್ಯ ಬಂತು. ಆ ಜಿಂಕೆ ಬರೀ ಚಿತ್ರ, ಹಳಿಯ ಮೇಲೆ ಓಡುವಂಥದು. ಸ್ವೀಡನ್ನಿನ ಆಸ್ಕರ್ ಸ್ವಾನ್ ತನ್ನ ಅರವತ್ತನೇ ವಯಸ್ಸಿನಲ್ಲಿ ಅದರಲ್ಲಿ ಚಿನ್ನ ಗೆದ್ದ. 1920ರಲ್ಲಿ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಅದೇ ಬಗೆಯ ಪಂದ್ಯದಲ್ಲಿ ತಂಡದೊಂದಿಗೆ ಬೆಳ್ಳಿ ಪಡೆದ. ಮುಂದೆ 1972ರಿಂದ ಜಿಂಕೆಯ ಜಾಗಕ್ಕೆ ಓಡುವ ಕಾಡುಹಂದಿ ಬಂತು. ಕೊನೆಗೆ, 1992ರಿಂದ 2004ರವರೆಗೆ ಒಲಿಂಪಿಕ್ಸಿನಲ್ಲಿದ್ದ ಹತ್ತು ಮೀಟರಿನ ಪಂದ್ಯದಲ್ಲಿ ಹಂದಿಯೂ ಇಲ್ಲ. ಬರೀ ಸುತ್ತುಗೆರೆಗಳಿದ್ದ ಕಾಗದ ಓಡುತ್ತಿತ್ತು.

ಇದರಿಂದ ಏನು ತಿಳಿಯಿತು? ಗುರಿಕಾರನ ಕಣ್ಣಿಗೂ ಕೈಗೂ ರಕ್ತ ಬೇಕಿರಲಿಲ್ಲ. ಪ್ರಾಣಿಯ ಆಕಾರವೂ ಬೇಕಿರಲಿಲ್ಲ. ಹಾಗಾದರೆ ಇಷ್ಟು ಕಾಲ ಅವೆರಡೂ ಬೇಕಾಗಿದ್ದುದು ಯಾತಕ್ಕೆ? ಗುರಿಗಲ್ಲ, ಗತ್ತಿಗೆ. ಎದುರಿಗಿದ್ದದ್ದನ್ನು ಉರುಳಿಸಿದೆ ಅನ್ನೋ ಗತ್ತಿಗೆ.

ಒಂದು ವಾದ ನಮಗೆ ಎದುರಾಗುತ್ತದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಫಿನ್‌ಲೆಂಡಿನಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಮೊದಲು ಪ್ರಾಣಿಯ ಚಿತ್ರಕ್ಕೆ ಗುಂಡು ಹೊಡೆದು ಪರೀಕ್ಷೆ ಪಾಸಾಗಬೇಕು. ಪ್ರಾಣಿ ಗಾಯಗೊಂಡು ಕಾಡಿನಲ್ಲಿ ನರಳಿ ಸಾಯಬಾರದು ಅಂತ. ಅಲ್ಲಿ ಆಕಾರಕ್ಕೆ ಅರ್ಥವಿದೆ. ನಿಜವಾಗಿ ಕೊಲ್ಲಲು ಹೊರಟವನು ತಾನು ಏನನ್ನು ಕೊಲ್ಲುತ್ತೇನೆ, ಎಲ್ಲಿ ಹೊಡೆದರೆ ಅದಕ್ಕೆ ನೋವು ಕಡಿಮೆ ಅಂತ ಕಲಿಯುತ್ತಾನೆ. ಅದು ಹೊಣೆ. ಬೇಟೆಗೆ ಹೋಗದವನು, ಪ್ರಾಣಿಯ ಬಗ್ಗೆ ಏನೂ ಕಲಿಯಬೇಕಿಲ್ಲದವನು, ಎಲ್ಲಿ ತಾಗಿದರೂ ಸರಿ, ಉರುಳಿದರೆ ಸಾಕು ಅನ್ನುವವನು, ಅದೇ ಆಕಾರವನ್ನೇ ಯಾಕೆ ಕೇಳುತ್ತಾನೆ?

ಆ ಲೋಹದ ಟಗರಿಗೆ ಕಣ್ಣಿಲ್ಲ, ಉಸಿರಿಲ್ಲ. ದೂರದಿಂದ ನೋಡಿದರೆ ಬರೀ ಕಪ್ಪು ಅಂಚು. ಜೀವವನ್ನು ಅಂಚಾಗಿ ಮಾತ್ರ ನೋಡುವ ಅಭ್ಯಾಸ ಎಂಥದು ಅಂತ ನಮ್ಮನ್ನು ಕೇಳಿ. ಊರಿನ ಕಣ್ಣಿಗೆ ನಮ್ಮ ತಾತ, ನಮ್ಮಪ್ಪ ಅಂಥ ಅಂಚುಗಳೇ ಆಗಿದ್ದರು. ಹೆಸರಿಲ್ಲ, ಮುಖವಿಲ್ಲ, ದೂರದಿಂದಲೇ ಗುರುತು ಹಿಡಿದು ‘ಅಲ್ಲೇ ನಿಲ್ಲು’ ಅನ್ನಬಹುದಾದ ಆಕಾರ. ಪೊಲೀಸು, ಮಿಲಿಟರಿ ತರಬೇತಿಯಲ್ಲಿ ನಿಲ್ಲಿಸುವ ಆಕಾರ ಮನುಷ್ಯನದೇ. ಕಬ್ಬಿಣದ ಟಗರಿಗೆ ಹೊಡೆದವನು ನಾಳೆ ಮನುಷ್ಯನಿಗೆ ಹೊಡೀತಾನೆ ಅಂತ ನಾವು ಹೇಳುತ್ತಿಲ್ಲ. ಅದು ಸುಳ್ಳು ಲೆಕ್ಕ. ಮುಖವಿಲ್ಲದ್ದನ್ನು ಉರುಳಿಸಿ ಖುಷಿಪಡುವುದನ್ನು ಆಟ ಅಂತ ಕಲಿಸುವಾಗ ಒಂದು ಸಲ ಯೋಚಿಸಿ ಅಂತ ಹೇಳುತ್ತಿದ್ದೇವೆ, ಅಷ್ಟೇ.

ಅರ್ಧ ಬದಲಾವಣೆಯ ರುಚಿ ನಮಗೂ ಗೊತ್ತು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡುಬಿಟ್ಟ ಎಲೆಗಳ ಮೇಲೆ ಜನ ಉರುಳುವ ಮಡೆಸ್ನಾನದ ವಿರುದ್ಧ ಹೋರಾಟ ನಡೆದಾಗ, 2012ರಲ್ಲಿ ಒಂದು ರಾಜಿಸೂತ್ರ ಬಂತು: ಎಂಜಲು ಬೇಡ, ದೇವರ ನೈವೇದ್ಯ ಬಡಿಸಿದ ಎಲೆಯ ಮೇಲೆ ಉರುಳಲಿ, ಅದು ಎಡೆಸ್ನಾನ. ಎಂಜಲು ಹೋಯ್ತು, ನೆಲದ ಮೇಲೆ ಉರುಳುವ ಮೈ ಹಾಗೇ ಉಳೀತು. ಎಂಜಲು ತೆಗೆದದ್ದು ಒಳ್ಳೆಯದೇ. ಆದರೆ ಅಲ್ಲಿಗೇ ನಿಂತರೆ, ಅವಮಾನದ ಅಚ್ಚು ಇದ್ದಲ್ಲೇ ಇರುತ್ತದೆ. ಲೋಹದ ಟಗರಿನ ಕತೆಯೂ ಇದೇ. ಪ್ರಾಣಿ ಉಳಿಯಿತು, ಸರಿ. ಅಚ್ಚು ಇನ್ನೂ ನಿಂತಿದೆ.

ಇನ್ನೊಂದು ಮಾತು ಯಾರ ಬಾಯಲ್ಲೂ ಬರುವುದಿಲ್ಲ. ರಾಜರ, ಜಮೀನ್ದಾರರ ಬೇಟೆಯಲ್ಲಿ ಪೊದೆ ಬಡಿದು ಪ್ರಾಣಿ ಎಬ್ಬಿಸಿದವರು ಕೂಲಿಯ ಜನ. ಕೋಡು, ಫೋಟೋ ಒಡೆಯನದು. ಕಾಡುಹಂದಿಯ ಕೋರೆಹಲ್ಲಿಗೆ ಎದುರಾದ ಮೈ ಇವರದು. ಈ ಪಂದ್ಯದಲ್ಲೂ ಉರುಳಿದ ಟಗರು ತಾನಾಗಿ ಏಳುವುದಿಲ್ಲ. ಯಾರೋ ಅಷ್ಟು ದೂರ ನಡೆದು, ಆ ಭಾರ ಎತ್ತಿ ಮತ್ತೆ ನಿಲ್ಲಿಸಬೇಕು. ಕೆಲವು ಕಡೆ ಹೊಡೆದವರೇ ಹೋಗಿ ಎತ್ತುತ್ತಾರೆ. ಕೆಲವು ಕಡೆ ಕೂಲಿಗೆ ಹುಡುಗರು ಬರುತ್ತಾರೆ. ನಮಗೆ ಮೊದಲನೆಯವರ ಆಟ ಹೆಚ್ಚು ಮನುಷ್ಯರ ಆಟವಾಗಿ ಕಾಣುತ್ತದೆ. ತಾನು ಉರುಳಿಸಿದ್ದರ ತೂಕ ತನ್ನ ಕೈಗೇ ತಿಳಿಯುವುದಾದರೂ ಅಲ್ಲಿ ಇದೆ.

ಮೇಷ್ಟ್ರಾಗಿರುವ ಗೆಳೆಯರು ನಾಳೆ ಶಾಲೆಯಲ್ಲಿ ಮಕ್ಕಳಿಗೆ ಚೆಂಡೆಸೆದು ಗುರಿ ಹೊಡೆಯುವ ಆಟ ಆಡಿಸಿದರೆ, ಗೋಡೆಯ ಮೇಲೆ ಒಂದು ಸುತ್ತು ಬರೆಯಿರಿ, ಸಾಕು. ಹಂದಿಯನ್ನೂ ಬರೆಯಬೇಡಿ, ರಾಕ್ಷಸನನ್ನೂ ಬರೆಯಬೇಡಿ. ಚೆಂಡನ್ನು ಎಸೆದ ಮಗುವೇ ಹೋಗಿ ಹೆಕ್ಕಿಕೊಂಡು ಬರಲಿ. ಕೇರಿಯ ಹುಡುಗನನ್ನು ಕಳಿಸಬೇಡಿ.