ತೃತೀಯ ಸವನ

ಮನುಷ್ಯನ ಆಯುಷ್ಯವೇ ಒಂದು ಯಜ್ಞವೆಂದು ಛಾಂದೋಗ್ಯೋಪನಿಷತ್ತಿನ ಮೂರನೆಯ ಅಧ್ಯಾಯವು ಸಾರುತ್ತದೆ. ಮೊದಲ 24 ವರ್ಷಗಳು ಪ್ರಾತಃಸವನ. ಅನಂತರದ 44 ವರ್ಷಗಳು ಮಾಧ್ಯಂದಿನ ಸವನ. ಕೊನೆಯ 48 ವರ್ಷಗಳು ತೃತೀಯ ಸವನ. ಇದನ್ನರಿತ ಮಹಿದಾಸ ಐತರೇಯನು 116 ವರ್ಷ ಬಾಳಿದನೆಂದು ಅಲ್ಲಿಯೇ ಹೇಳಿದೆ. ಈ ಗಣನೆಯಲ್ಲಿ ಮನನ ಮಾಡತಕ್ಕ ಅಂಶವೊಂದಿದೆ. 60ನೆಯ ವಯಸ್ಸಿನಲ್ಲಿ ಬೀಳ್ಕೊಡುಗೆಯ ಹಾರ ಧರಿಸಿ ಕಛೇರಿಯಿಂದ ಮನೆಗೆ ಬರುವವನಿಗೆ, ಋಷಿಯ ಎಣಿಕೆಯಂತೆ, ಮಧ್ಯಾಹ್ನವೇ ಇನ್ನೂ ಮುಗಿದಿಲ್ಲ. ಮೂರರಲ್ಲಿ ಅತಿ ದೀರ್ಘವಾದ ಸವನವು ಇನ್ನು ಮೇಲೆ ಆರಂಭವಾಗಬೇಕಾಗಿದೆ!

ಹಾಗಾದರೆ ನಿವೃತ್ತನ ಧರ್ಮವೇನು? ಮಕ್ಕಳನ್ನು ಓದಿಸಿ, ಸಾಲ ತೀರಿಸಿ, ದುಡಿದು ದಣಿದವನಿಗೆ ವಿಶ್ರಾಂತಿಯ ಹಕ್ಕಿಲ್ಲವೇ? ಖಂಡಿತವಾಗಿಯೂ ಇದೆ. ಆದರೆ ದೇಹಕ್ಕೆ ವಿಶ್ರಾಂತಿ ಕೊಡುವುದು ಬೇರೆ, ಬುದ್ಧಿಯ ಬಾಗಿಲಿಗೆ ಅಗುಳಿ ಹಾಕುವುದು ಬೇರೆ. ಹಿಂದಿನವರಿಗೆ ವಾನಪ್ರಸ್ಥಕ್ಕೆ ಅರಣ್ಯವಿತ್ತು. ಸಾಂತಾಕ್ರೂಜಿನ ಎರಡು ಕೋಣೆಗಳ ಮನೆಯಲ್ಲಿ ಅರಣ್ಯವೆಲ್ಲಿಂದ ಬರಬೇಕು? ಮಗ ಸೊಸೆಯರು ಬೆಳಗಿನ ಗಾಡಿ ಹಿಡಿದು ಹೋದ ಮೇಲೆ ಉಳಿಯುವುದು ಗಡಿಯಾರದ ಸದ್ದು ಮಾತ್ರ. ನಾಲ್ಕು ದಶಕಗಳ ಕಾಲ ರೈಲಿನ ವೇಳಾಪಟ್ಟಿಗೆ ತಲೆಬಾಗಿ ನಡೆದವನಿಗೆ, ಕಾಯುವ ಗಾಡಿಯೊಂದೂ ಇಲ್ಲದ ದಿನವು ಬಿಡುಗಡೆಯಾಗಿ ತೋರದೆ ಶೂನ್ಯವಾಗಿ ತೋರುವುದು ಆಶ್ಚರ್ಯವಲ್ಲ.

ಈ ಶೂನ್ಯವನ್ನು ತುಂಬುವ ಸಾಧನ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಊರು ಬಿಟ್ಟು ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳ ದೀಪದಡಿ ಅಕ್ಷರ ಕಲಿತು ಬಾಳು ಕಟ್ಟಿಕೊಂಡದ್ದು ಈ ನಗರದ ಕನ್ನಡಿಗರ ಚರಿತ್ರೆಯ ಉಜ್ವಲ ಅಧ್ಯಾಯ. ಅಂದು ರಾತ್ರಿ ಕಲಿತವರಿಗೆ ಇಂದು ಹಗಲೂ ದೊರೆತಿದೆ. ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿಯಲ್ಲಿ, ಕನ್ನಡ ವಿಭಾಗವಿದೆ. ಇದೇ ಉಪನಗರದಲ್ಲಿ ಬಿಲ್ಲವ ಭವನದಂತಹ ಸಮುದಾಯದ ಮಂದಿರಗಳಿವೆ. ವಿದೇಶಗಳಲ್ಲಿಯೂ ಈ ವಿಚಾರ ಬೇರೂರಿದೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಹಿರಿಯರಿಗಾಗಿ ‘ತೃತೀಯ ವಯಸ್ಸಿನ ವಿಶ್ವವಿದ್ಯಾಲಯ’ವು ಜನ್ಮತಾಳಿತು. ಬ್ರಿಟನ್ನಿನಲ್ಲಿ ಅದು ಬೇರೊಂದು ರೂಪ ತಳೆಯಿತು: ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ, ಸದಸ್ಯರೇ ಒಬ್ಬರಿಗೊಬ್ಬರು ಗುರುಗಳು, ಒಬ್ಬರಿಗೊಬ್ಬರು ಶಿಷ್ಯರು.

“ಕಾಡು ಬಾ ಎನ್ನುವ ಕಾಲದಲ್ಲಿ ಕಲಿತು ಆಗಬೇಕಾದ್ದೇನು?” ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ಕಛೇರಿಯ ಲೆಕ್ಕದ ಪುಸ್ತಕ ಇನ್ನೂ ತೆರೆದೇ ಇದೆ. ಕಲಿತದ್ದೆಲ್ಲವೂ ಬಡ್ತಿಗೋ ಸಂಬಳಕ್ಕೋ ಜಮೆಯಾಗಲೇಬೇಕೆಂಬುದು ಮಧ್ಯಾಹ್ನದ ನಿಯಮ. ತೃತೀಯ ಸವನಕ್ಕೆ ಅದು ಸಲ್ಲದು. ಫಲಾಪೇಕ್ಷೆಯಿಲ್ಲದ ಕರ್ಮವನ್ನು ಬಾಯಲ್ಲಿ ಕೊಂಡಾಡಿದವರಿಗೆ ಅದನ್ನು ಆಚರಿಸಲು ಇದಕ್ಕಿಂತ ಮಿಗಿಲಾದ ಅವಕಾಶ ಬೇರೊಂದಿಲ್ಲ.

ಆದರೆ ವೃದ್ಧಾಪ್ಯದಲ್ಲಿ ಉಪದೇಶ ಸುಲಭ, ಶಿಷ್ಯತ್ವ ಕಠಿಣ. ಮೊಮ್ಮಗಳಿಂದ ಮೊಬೈಲಿನ ಬಳಕೆ ಕಲಿಯುವ ಅಜ್ಜನೂ, ನೆರೆಮನೆಯವರೊಡನೆ ಕುಳಿತು ಮರಾಠಿ ಜ್ಞಾನೇಶ್ವರಿಯನ್ನು ಓದಲು ತೊಡಗುವ ಅಜ್ಜಿಯೂ “ನನಗೆ ತಿಳಿಯದು” ಎಂಬ ಮಾತನ್ನು ಮೊದಲು ನುಡಿಯಬೇಕಾಗುತ್ತದೆ. ಮಾಜಿ ಅಧಿಕಾರಿಯೂ ಮಾಜಿ ಕಾರ್ಮಿಕನೂ ಒಂದೇ ಚಾಪೆಯ ಮೇಲೆ ಕುಳಿತು ಕುಮಾರವ್ಯಾಸ ಭಾರತವನ್ನು ಕೇಳುವಾಗ, ಪದವಿಯೊಡನೆ ಹೋಗದೆ ಉಳಿದಿದ್ದ ಅಹಂಕಾರವೂ ಮೆಲ್ಲನೆ ನಿವೃತ್ತವಾಗುತ್ತದೆ. ಕೂಡಿ ಕಲಿಯುವುದರ ನಿಜವಾದ ಲಾಭ ಇದೇ.

ಇಲ್ಲಿ ಮರೆಯಬಾರದ ಸಂಗತಿ ಮತ್ತೊಂದಿದೆ. ಗೃಹಿಣಿಗೆ ನಿವೃತ್ತಿಯ ದಿನಾಂಕವನ್ನು ಬರೆದುಕೊಟ್ಟವರು ಯಾರು? ಪತಿಯು ಹಾರ ಹಾಕಿಸಿಕೊಂಡು ಬಂದ ಮರುದಿನದಿಂದ ಆಕೆಯ ಕೆಲಸ ಇಮ್ಮಡಿಯಾಗುವುದುಂಟು. ಆತ ಸತ್ಸಂಗಕ್ಕೆ ಹೊರಟಾಗ ಮೊಮ್ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುವವಳು ಆಕೆಯೇ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಗೃಹಸ್ಥಾಶ್ರಮವನ್ನು ತೊರೆಯುವ ಮುನ್ನ ಪತ್ನಿಯರಿಬ್ಬರಿಗೆ ಆಸ್ತಿಯನ್ನು ಹಂಚಹೊರಟನು. ಐಶ್ವರ್ಯದಿಂದ ಅಮೃತತ್ವ ಲಭಿಸುವುದೇ ಎಂದು ಮೈತ್ರೇಯಿ ಕೇಳಿದಳು. ಇಲ್ಲವೆಂದು ತಿಳಿದು, ವಿದ್ಯೆಯನ್ನೇ ಬೇಡಿದಳು. ಋಷಿಯು ಹೊರಡುವುದನ್ನು ತಡೆದು ಕುಳಿತು ಬೋಧಿಸಿದನು. ಭವಿಷ್ಯನಿಧಿಯ ಹಣವನ್ನು ಹಂಚುವ ಇಂದಿನ ಗೃಹಸ್ಥನೂ, ಮನೆಗೆಲಸದಲ್ಲಿ ಪಾಲು ತೆಗೆದುಕೊಂಡು, ಪತ್ನಿಗೆ ವಾರದಲ್ಲಿ ಎರಡು ಸಂಜೆಗಳನ್ನಾದರೂ ಕಲಿಯಲು ಬಿಟ್ಟುಕೊಡಲಿ. ಒಬ್ಬಳ ದುಡಿಮೆಯ ಮೇಲೆ ನಿಂತ ಇನ್ನೊಬ್ಬನ ಜ್ಞಾನಯಜ್ಞವು ಪೂರ್ಣವೆನಿಸದು.

ನವರಾತ್ರಿಯಲ್ಲಿ ಪುಸ್ತಕಗಳನ್ನು ಶಾರದೆಯ ಮುಂದಿಟ್ಟು ಪೂಜಿಸಿ, ವಿಜಯದಶಮಿಯಂದು ಕಂದಮ್ಮಗಳ ಕೈಹಿಡಿದು ಅಕ್ಷರಾಭ್ಯಾಸ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ಆ ಶುಭಮುಹೂರ್ತದಲ್ಲಿ ಅಜ್ಜ ಅಜ್ಜಿಯರೂ ಹೊಸ ಪುಸ್ತಕವೊಂದರ ಮೊದಲ ಪುಟ ತೆರೆಯಲಿ. ವಾಗ್ದೇವಿಯು ತನ್ನ ಮಕ್ಕಳ ವಯಸ್ಸನ್ನು ಕೇಳುವವಳಲ್ಲ.