ನಿರ್ಬಂಧವೆಂಬ ನ್ಯಾಸ

ಪ್ರೌಢಶಾಲೆಯಲ್ಲಿ ಓದುತ್ತಿರುವ ಮಕ್ಕಳ ಕೈಯಲ್ಲಿ ಮೊಬೈಲ್ ಫೋನು ಇರಬೇಕೇ, ಇದ್ದರೆ ಎಷ್ಟು ಹೊತ್ತು, ಯಾವ ಪ್ರಯೋಜನಕ್ಕಾಗಿ ಎಂಬ ಚರ್ಚೆಯು ಇಂದು ನಡೆಯದ ಮನೆಯೇ ಇಲ್ಲವೆನ್ನಬಹುದು. ಇದು ಶಾಲೆಯ ಶಿಸ್ತಿಗೆ ಸಂಬಂಧಿಸಿದ ಮಾತೆಂದು ತಿಳಿದು, ಅದರ ಹೊಣೆಯನ್ನು ಮುಖ್ಯೋಪಾಧ್ಯಾಯರ ಮೇಲೆ ಹೊರಿಸಿ ನಿಶ್ಚಿಂತರಾಗುವ ತಂದೆತಾಯಿಗಳು ಅನೇಕರು. ಆದರೆ ವಿಚಾರಿಸಿ ನೋಡಿದರೆ ಇದರ ಒಳಗೆ ಒಂದು ಧರ್ಮಸೂಕ್ಷ್ಮವು ಅಡಗಿದೆ. ಒಬ್ಬನ ಹಿತವನ್ನು ಬಯಸುವವನು ಅವನ ಸ್ವಾತಂತ್ರ್ಯವನ್ನು ತಡೆಹಿಡಿಯಬಹುದೇ? ತಡೆಹಿಡಿದವನಿಗೆ ಅದರಿಂದ ಬರುವ ಹೊಣೆ ಯಾವುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಯಥಾಮತಿ ವಿವೇಚಿಸಲಾಗುವುದು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಸಿ.ಬಿ.ಎಸ್.ಇ. ಮಂಡಳಿಯು 2009ರಷ್ಟು ಹಿಂದೆಯೇ ತನ್ನ ಶಾಲೆಗಳಿಗೆ ಸುತ್ತೋಲೆ ಕಳುಹಿಸಿ, ವಿದ್ಯಾರ್ಥಿಗಳು ಆವರಣದೊಳಗೆ ಮೊಬೈಲನ್ನು ತರದಂತೆ ನೋಡಿಕೊಳ್ಳಬೇಕೆಂದು ಸೂಚಿಸಿತ್ತು. ಫ್ರಾನ್ಸ್ ದೇಶವು 2018ರ ಆಗಸ್ಟಿನಲ್ಲಿ, ಸುಮಾರು 15 ವರ್ಷದವರೆಗಿನ ಮಕ್ಕಳು ಓದುವ ಶಾಲೆಗಳಲ್ಲಿ ಮೊಬೈಲಿನ ಬಳಕೆಯನ್ನು ಶಾಸನದ ಮೂಲಕವೇ ನಿಷೇಧಿಸಿತು. ಆದರೂ ಇಂತಹ ನಿಷೇಧವನ್ನು ಕಾನೂನಿನಲ್ಲಾಗಲಿ ನೀತಿಯಲ್ಲಾಗಲಿ ತಂದಿರುವ ದೇಶಗಳು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯೆಂದು ಯುನೆಸ್ಕೊ ಸಂಸ್ಥೆಯು 2023ರ ತನ್ನ ವರದಿಯಲ್ಲಿ ಹೇಳಿತ್ತು; ಅನಂತರದ ವರ್ಷಗಳಲ್ಲಿ ಆ ಸಂಖ್ಯೆಯು ಶೀಘ್ರವಾಗಿ ಏರಿದೆ. ನಮ್ಮಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಮಧ್ಯಮಾರ್ಗವೊಂದನ್ನು ತೋರಿಸಿತು. ಸಂಪೂರ್ಣ ನಿಷೇಧವು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ. ಅನುಕೂಲವಿದ್ದಲ್ಲಿ ವಿದ್ಯಾರ್ಥಿಯು ಶಾಲೆಗೆ ಬಂದೊಡನೆ ಮೊಬೈಲನ್ನು ಒಪ್ಪಿಸಿ, ಮನೆಗೆ ಹೊರಡುವಾಗ ಮರಳಿ ಪಡೆಯಲಿ. ತರಗತಿಯಲ್ಲಿ ಅದರ ಬಳಕೆ ಕೂಡದು. ಅದನ್ನು ಹದವರಿತು ಬಳಸುವ ಕ್ರಮವನ್ನು ಶಾಲೆಯೇ ಕಲಿಸಲಿ ಎಂಬುದು ಅದರ ಸಾರಾಂಶ.

ಇಲ್ಲಿ ಪೂರ್ವಪಕ್ಷಿಗಳು ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ಮೊದಲನೆಯದು: ಗುಣವೆಂಬುದು ಒಳಗಿನಿಂದ ಹುಟ್ಟತಕ್ಕದ್ದು, ಹೊರಗಿನಿಂದ ಹೇರಿದ ನಿಗ್ರಹವು ನಿಗ್ರಹವೇ ಅಲ್ಲ. ಬೀಗ ಹಾಕಿದ ಉಗ್ರಾಣದ ಮುಂದೆ ಹಸಿದು ಕುಳಿತವನನ್ನು ಯಾರೂ ಉಪವಾಸವ್ರತಿಯೆಂದು ಕರೆಯುವುದಿಲ್ಲ. ಎರಡನೆಯದು: ಮೊಬೈಲು ಇಂದು ಪುಸ್ತಕವೂ ಹೌದು, ಉಪಾಧ್ಯಾಯನೂ ಹೌದು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠವು ಅದರ ಮೂಲಕವೇ ನಡೆಯಿತು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಹೊರಗೆ ಬಂದು ಮಳೆಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ, ಸುಳ್ಯ ತಾಲೂಕಿನ ಆ ಚಿತ್ರವನ್ನು 2021ರಲ್ಲಿ ನಾಡಿನ ಜನ ಪತ್ರಿಕೆಗಳಲ್ಲಿ ಕಂಡಿದ್ದಾರೆ. ಅಂದು ಬೇಡಿಕೊಟ್ಟುದನ್ನು ಇಂದು ಕಸಿದುಕೊಳ್ಳುವುದು ಯಾವ ನ್ಯಾಯ? ಮೂರನೆಯದು: ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವ ಹುಡುಗಿಗೆ ಸಂಜೆಯ ಬಸ್ಸು ತಪ್ಪಿದರೆ ಮನೆಗೆ ತಿಳಿಸುವ ಬಗೆ ಹೇಗೆ?

ಇವು ಯಾವುವೂ ತಳ್ಳಿಹಾಕತಕ್ಕ ಮಾತುಗಳಲ್ಲ. ಕೊನೆಯ ಎರಡಕ್ಕೆ ಸಮಾಧಾನವು ಸುಲಭ. ಮೊಬೈಲು ದಾರಿಯಲ್ಲಿ ಜೊತೆಗಿದ್ದು, ಪಾಠದ ಹೊತ್ತಿನಲ್ಲಿ ಕಚೇರಿಯ ಕಪಾಟಿನಲ್ಲಿದ್ದರೆ ಬಸ್ಸು ತಪ್ಪಿದ ಹುಡುಗಿಗೆ ತೊಂದರೆಯಿಲ್ಲ. ಉಪಾಧ್ಯಾಯರೇ ಪಾಠಕ್ಕಾಗಿ ಅದನ್ನು ಬಳಸುವಂತೆ ಹೇಳಿದಾಗ ಬಳಸಲು ಅಡ್ಡಿಯೂ ಇಲ್ಲ. ಗುರುವು ಎದುರಿಗಿಲ್ಲದಾಗ ಗುರುವಿನ ಧ್ವನಿಯನ್ನು ತಂದುಕೊಟ್ಟ ಸಾಧನವು, ಗುರುವು ಎದುರಿಗೇ ನಿಂತಿರುವಾಗ ಅವನ ಧ್ವನಿಯನ್ನು ಮರೆಸುವುದಾದರೆ, ಅದನ್ನು ಅಷ್ಟು ಹೊತ್ತು ಬದಿಗಿಡುವುದರಲ್ಲಿ ಅನ್ಯಾಯವೇನಿದೆ?

ಕಠಿನವಾದುದು ಮೊದಲನೆಯ ಆಕ್ಷೇಪವೇ. ಅದರಲ್ಲಿ ಒಂದು ಊಹೆಯು ಮರೆಯಾಗಿ ಕುಳಿತಿದೆ. ಮಗು ಒಂದು ಕಡೆ, ಜಡವಾದ ಒಂದು ಯಂತ್ರ ಇನ್ನೊಂದು ಕಡೆ. ಇವರಿಬ್ಬರ ನಡುವೆ ಮಗುವೇ ತನ್ನ ವಿವೇಕದಿಂದ ಗೆಲ್ಲಲಿ ಎಂಬುದೇ ಆ ಊಹೆ. ವಾಸ್ತವವು ಹಾಗಿಲ್ಲ. ಆ ಗಾಜಿನ ಹಿಂದೆ, ನೋಡುವವನ ಗಮನವನ್ನು ಜಾಹೀರಾತುದಾರರಿಗೆ ಮಾರಿ ಲಾಭ ಗಳಿಸುವ ದೊಡ್ಡ ದೊಡ್ಡ ವ್ಯಾಪಾರಸಂಸ್ಥೆಗಳಿವೆ. ಪುಸ್ತಕದ ಪುಟಕ್ಕೆ ಕೊನೆಯುಂಟು. ಅಲ್ಲಿಗೆ ಬಂದಾಗ ಕಣ್ಣು ತಾನಾಗಿ ಮೇಲೇಳುತ್ತದೆ. ಮೊಬೈಲಿನ ಪುಟಕ್ಕೆ ಕೊನೆಯಿಲ್ಲದಂತೆ ಮಾಡಲಾಗಿದೆ. ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ತೊಡಗುತ್ತದೆ. ಕೆಳಗಿಟ್ಟರೆ ಸದ್ದು ಮಾಡಿ ಕರೆಯುತ್ತದೆ. ಉಗ್ರಾಣದ ದೃಷ್ಟಾಂತವನ್ನೇ ಮುಂದುವರಿಸುವುದಾದರೆ, ಇಲ್ಲಿ ಉಗ್ರಾಣವೇ ಎದ್ದುಬಂದು ಬಾಯಿಗೆ ತುತ್ತಿಡುತ್ತಿದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಚಲನವಲನವನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದನ್ನು ತಡೆಯುವ ವಿಧಿಯನ್ನು ಇಟ್ಟುಕೊಂಡಿರುವುದೂ ಈ ಸ್ಪರ್ಧೆಯು ಸಮಬಲರ ಸ್ಪರ್ಧೆಯಲ್ಲವೆಂದು ತಿಳಿದೇ.

ಕಠೋಪನಿಷತ್ತು ಶರೀರವನ್ನು ರಥಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಕಡಿವಾಣಕ್ಕೂ ಬುದ್ಧಿಯನ್ನು ಸಾರಥಿಗೂ ಹೋಲಿಸುವುದು ವಾಚಕರಿಗೆ ತಿಳಿದ ವಿಷಯ. ಹದಿನಾಲ್ಕರ ಬಾಲಕನಲ್ಲಿ ಕುದುರೆಗಳು ಬೆಳೆದು ನಿಂತಿವೆ. ಸಾರಥಿಯು ಇನ್ನೂ ಅಭ್ಯಾಸ ಮಾಡುತ್ತಿದ್ದಾನೆ. ಅಂತಹ ಹೊತ್ತಿನಲ್ಲಿ ಹಿರಿಯನೊಬ್ಬನು ಕಡಿವಾಣಕ್ಕೆ ಕೈಕೊಟ್ಟರೆ ಅದು ಸಾರಥಿಗೆ ಮಾಡಿದ ಅವಮಾನವಲ್ಲ. ಸಾರಥ್ಯವನ್ನು ಕಲಿಸುವ ಕ್ರಮವೇ ಅದು. ಆದ್ದರಿಂದ ಹಿತಕ್ಕಾಗಿ ತಡೆಯಬಹುದೇ ಎಂಬ ಮೊದಲ ಪ್ರಶ್ನೆಗೆ, ತಡೆಯಬಹುದು, ಈ ವಿಷಯದಲ್ಲಿ ತಡೆಯಲೇಬೇಕು ಎಂದು ಉತ್ತರ.

ಇದರಿಂದ ಫಲವುಂಟೇ ಎಂದು ಕೇಳುವವರಿಗೆ ಪ್ರಾಮಾಣಿಕವಾದ ಉತ್ತರವನ್ನು ಕೊಡಬೇಕು. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊಬೈಲನ್ನು ನಿಷೇಧಿಸಿದ ಬಳಿಕ ಪರೀಕ್ಷೆಯ ಫಲಿತಾಂಶವು ಉತ್ತಮಗೊಂಡುದು ಕಂಡುಬಂತು. ಹೆಚ್ಚಿನ ಲಾಭವಾದದ್ದು ಓದಿನಲ್ಲಿ ಹಿಂದಿದ್ದ ಮಕ್ಕಳಿಗೆ. ಮುಂದಿದ್ದವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸ್ವೀಡನ್ನಿನಲ್ಲಿ ಅದೇ ರೀತಿ ನೋಡಿದವರಿಗೆ 2020ರಲ್ಲಿ ಅಂತಹ ಫಲವೇ ಕಾಣಲಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಶಾಲೆಗಳ 1,227 ವಿದ್ಯಾರ್ಥಿಗಳನ್ನು ಅವಲೋಕಿಸಿ 2025ರಲ್ಲಿ ಹೇಳಿದ್ದು ಇನ್ನೂ ಮನನೀಯವಾಗಿದೆ. ಮೊಬೈಲಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳ ಮನಸ್ಸಿನ ನೆಮ್ಮದಿಯೂ ನಿದ್ರೆಯೂ ಕಡಿಮೆಯಾಗಿದ್ದುವು; ಆದರೆ ಶಾಲೆಯಲ್ಲಿ ನಿರ್ಬಂಧವಿದ್ದ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ನೆಮ್ಮದಿಯಲ್ಲಿ ಭೇದವಿರಲಿಲ್ಲ. ಏಕೆಂದರೆ ದಿನದ ಒಟ್ಟು ಲೆಕ್ಕದಲ್ಲಿ ಇಬ್ಬರೂ ಅದರಲ್ಲಿ ಕಳೆದ ಹೊತ್ತು ಹೆಚ್ಚುಕಡಿಮೆ ಒಂದೇ ಆಗಿತ್ತು.

ಇದರಿಂದ ಸಿದ್ಧವಾಗುವುದೇನು? ತರಗತಿಯಲ್ಲಿ ಪಾಠಕ್ಕೆ ಬೇಕಾದ ಏಕಾಗ್ರತೆಯನ್ನು ಶಾಲೆಯ ನಿಯಮವು ಕಾಪಾಡಬಲ್ಲುದು; ಆ ನಿಯಮವು ದುರ್ಬಲನಾದ ವಿದ್ಯಾರ್ಥಿಗೇ ಹೆಚ್ಚು ಬೇಕಾದುದು. ಆದರೆ ಶಾಲೆಯ ಗೇಟಿನಲ್ಲಿ ತಡೆದುದು ಮನೆಯ ಹೊಸ್ತಿಲಲ್ಲಿ ಒಳನುಗ್ಗಿದರೆ ಅದಕ್ಕೆ ಮುಖ್ಯೋಪಾಧ್ಯಾಯರು ಏನು ಮಾಡಿಯಾರು? ಹೀಗೆ ವಿಚಾರವು ಮನೆಗೇ ಬಂದು ನಿಲ್ಲುತ್ತದೆ. ತಡೆಯುವವನ ಹೊಣೆಯೇನೆಂಬ ಎರಡನೆಯ ಪ್ರಶ್ನೆಯು ಇಲ್ಲಿಯೇ ಏಳುತ್ತದೆ.

ಶಾಲೆಯಲ್ಲಿ ಬೆಳಿಗ್ಗೆ ಒಪ್ಪಿಸಿದ ಮೊಬೈಲು ನ್ಯಾಸ. ಸಂಜೆ ಅದನ್ನು ಮರಳಿ ಕೊಡಲೇಬೇಕು. ಅದರೊಡನೆ ಕಣ್ಣಿಗೆ ಕಾಣದ ಇನ್ನೊಂದು ವಸ್ತುವನ್ನೂ ಮಗು ನಮ್ಮಲ್ಲಿ ಇಟ್ಟಿದೆ. ಅದು ತನ್ನ ಸ್ವಾತಂತ್ರ್ಯ. ಮನುಸ್ಮೃತಿಯು ಎಣಿಸುವ 18 ವ್ಯವಹಾರಪದಗಳಲ್ಲಿ ಋಣಾದಾನವಾದ ಮೇಲೆ ಎರಡನೆಯದೇ ನಿಕ್ಷೇಪ. ನಂಬಿ ಇಟ್ಟುದನ್ನು ಕಾಯುವುದು ಲೋಕದಲ್ಲಿ ಅಷ್ಟು ದೊಡ್ಡ ಧರ್ಮ. ನ್ಯಾಸವನ್ನು ಹಿಡಿದವನಿಗೆ ಮೂರು ಕಟ್ಟುಗಳುಂಟು: ತಾನು ಅದನ್ನು ಭೋಗಿಸಬಾರದು, ಹೊತ್ತಿಗೆ ಮರಳಿಸಬೇಕು, ಇಟ್ಟುದಕ್ಕಿಂತ ಕುಂದದಂತೆ ಮರಳಿಸಬೇಕು.

ತಾನು ಭೋಗಿಸಬಾರದು ಎಂದರೆ, ಮಗುವಿನ ಹಿತಕ್ಕಾಗಿ ಮಾಡಿದ ನಿರ್ಬಂಧವನ್ನು ಹಿರಿಯರು ತಮ್ಮ ಅನುಕೂಲಕ್ಕೋ ಅಧಿಕಾರದ ತೃಪ್ತಿಗೋ ಬಳಸಬಾರದು. ಅನ್ನ ಉಣ್ಣಿಸುವುದು ಬೇಗ ಮುಗಿಯಲೆಂದು ಎರಡು ವರ್ಷದ ಕೂಸಿನ ಮುಂದೆ ಮೊಬೈಲನ್ನು ಹಿಡಿದ ಕೈಯೇ, ಹದಿಮೂರನೆಯ ವರ್ಷದಲ್ಲಿ ಅಂಕಗಳು ಕಡಿಮೆಯಾದವೆಂದು ಅದನ್ನು ಕಿತ್ತುಕೊಂಡರೆ ಎರಡೂ ಕಡೆ ಅನುಕೂಲವು ಹಿರಿಯರದೇ. ಇನ್ನೂ ಸೂಕ್ಷ್ಮವಾದ ಭೋಗವೊಂದುಂಟು. ಮಗನ ಮೊಬೈಲಿಗೆ ಇಲ್ಲದ ಕಟ್ಟಳೆಯು ಮಗಳ ಮೊಬೈಲಿಗೆ ಬರುವ ಮನೆಗಳನ್ನು ನಾವು ಬಲ್ಲೆವು. ಅಲ್ಲಿ ನಿರ್ಬಂಧವು ವಿದ್ಯೆಯನ್ನು ಕಾಯುತ್ತಿಲ್ಲ, ಹುಡುಗಿಯನ್ನು ಕಾವಲಿಡುತ್ತಿದೆ. ಕಾಲೇಜು ವಿದ್ಯಾರ್ಥಿನಿಯರ ನಿಲಯವೊಂದರಲ್ಲಿ ಸಂಜೆಯ ಕೆಲವು ಗಂಟೆಗಳ ಕಾಲ ಮೊಬೈಲನ್ನು ತಡೆದಿದ್ದ ಪ್ರಕರಣದಲ್ಲಿ ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿ ವಿದ್ಯಾರ್ಥಿನಿಯ ಪರವಾಗಿ ತೀರ್ಪಿತ್ತು, ಅಂತರ್ಜಾಲದ ಬಳಕೆಯು ಶಿಕ್ಷಣದ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿತು. ಪ್ರಾಪ್ತವಯಸ್ಕಳಿಗೂ ಹದಿಮೂರರ ಬಾಲಿಕೆಗೂ ಭೇದವುಂಟು, ನಿಜ. ಆದರೆ ಒಂದೇ ವಯಸ್ಸಿನ ಮಗನಿಗೂ ಮಗಳಿಗೂ ಈ ವಿಷಯದಲ್ಲಿ ಭೇದವಿಲ್ಲ.

ಹೊತ್ತಿಗೆ ಮರಳಿಸುವುದು ಎರಡನೆಯ ಕಟ್ಟು. ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಮೊಬೈಲನ್ನು ಮುಟ್ಟಗೊಡದೆ, ಮರುತಿಂಗಳೇ ಹೊಸದೊಂದನ್ನು ಕೊಡಿಸಿ ದೂರದ ನಗರದ ವಿದ್ಯಾರ್ಥಿನಿಲಯಕ್ಕೆ ಕಳುಹಿಸುವುದು ಅನೇಕ ಮನೆಗಳ ಪದ್ಧತಿ. ಈಜು ಬಾರದವನನ್ನು ಮೂರು ವರ್ಷ ಕೆರೆಯ ದಂಡೆಗೂ ಬಿಡದೆ, ಬಳಿಕ ತುಂಬಿದ ಹೊಳೆಗೆ ತಳ್ಳಿದಂತಾಯಿತು. ಎಂಟನೆಯ ತರಗತಿಯಲ್ಲಿ ಹಿರಿಯರ ಎದುರಿನಲ್ಲಿ ಅರ್ಧಗಂಟೆ. ಒಂಬತ್ತರಲ್ಲಿ ತಾನೇ ಹೊತ್ತನ್ನು ಗೊತ್ತುಮಾಡಿಕೊಂಡು ತಾನೇ ಲೆಕ್ಕವೊಪ್ಪಿಸುವ ಅಭ್ಯಾಸ. ಹತ್ತರಲ್ಲಿ ಲೆಕ್ಕ ಕೇಳದೆ ನಂಬುವ ದಿನಗಳು ಕೆಲವು. ಹೀಗೆ ಕಂತು ಕಂತಾಗಿ ಮರಳಿಸಿದರೆ ನ್ಯಾಸವು ಸುರಕ್ಷಿತವಾಗಿ ಒಡೆಯನ ಕೈ ಸೇರುತ್ತದೆ. ಮಗು ನಡುವೆ ಒಂದೆರಡು ಸಲ ತಪ್ಪಿದರೆ ಕಂತನ್ನು ಮುಂದೂಡಬಹುದು, ಮುಟ್ಟುಗೋಲು ಹಾಕಬಾರದು.

ಕುಂದದಂತೆ ಮರಳಿಸುವುದು ಮೂರನೆಯ ಕಟ್ಟು. ಎಲ್ಲಕ್ಕಿಂತ ಕಷ್ಟವಾದದ್ದೂ ಇದೇ. ಮೊಬೈಲನ್ನು ತೆಗೆದಿಟ್ಟೊಡನೆ ಸಂಜೆಯ ಎರಡು ಗಂಟೆ ಬರಿದಾಗುತ್ತದೆ. ಆ ಬರಿದನ್ನು ತುಂಬುವವರು ಯಾರು? ಆಡುವ ಬಯಲುಗಳಲ್ಲಿ ಮನೆಗಳೆದ್ದಿವೆ. ಕಥೆ ಹೇಳುವ ಅಜ್ಜಿಯ ಕೈಯಲ್ಲಿಯೂ ಮೊಬೈಲು ಬಂದಿದೆ. ತಂದೆಯು ಊಟದ ಎಲೆಯ ಮುಂದೆಯೂ ಕಚೇರಿಯ ಸಂದೇಶಗಳನ್ನು ಓದುತ್ತಿದ್ದಾನೆ. ತಾವು ಬಿಡಲಾರದುದನ್ನು ಬಿಡೆಂದು ಹೇಳುವ ಹಿರಿಯರ ಮಾತನ್ನು ಮಗು ಕೇಳಬಹುದು, ಆದರೆ ಒಪ್ಪುವುದಿಲ್ಲ. ಒಪ್ಪದೆ ಕೇಳಿದ ಮಾತು ಹಿರಿಯರು ಬಾಗಿಲು ದಾಟುವವರೆಗೆ ಮಾತ್ರ ಬಾಳುತ್ತದೆ.

ನಮ್ಮ ಅಡಿಗೆಮನೆಗಳಲ್ಲಿ ಇದಕ್ಕೆ ಉತ್ತಮ ನಿದರ್ಶನವಿದೆ. ಚಾತುರ್ಮಾಸ್ಯದ ಮೊದಲ ತಿಂಗಳಲ್ಲಿ ಶಾಕ, ಮುಂದೆ ಮೊಸರು, ಹಾಲು, ದ್ವಿದಳ ಧಾನ್ಯ ಹೀಗೆ ಒಂದೊಂದನ್ನು ಬಿಡುತ್ತೇವೆ. ಆ ತಿಂಗಳು ಆ ಪದಾರ್ಥವು ಒಲೆಯ ಬಳಿಗೇ ಬರುವುದಿಲ್ಲ. ಹಿರಿಯರಿಗೊಂದು ಸಾರು, ಮಕ್ಕಳಿಗೊಂದು ಸಾರು ಎಂಬುದಿಲ್ಲ. ಆದ್ದರಿಂದ ಮಗುವಿಗೆ ತನ್ನಿಂದ ಏನನ್ನೋ ಕಸಿದುಕೊಂಡರೆಂಬ ಭಾವನೆ ಹುಟ್ಟುವುದಿಲ್ಲ. ತಿಂಗಳ ಅವಧಿ ಮುಗಿದೊಡನೆ ಬಿಟ್ಟುದು ಮರಳಿ ಬರುವುದೆಂಬ ಭರವಸೆಯೂ ಅದಕ್ಕಿದೆ. ಎಲ್ಲರಿಗೂ ಒಂದೇ ಕಟ್ಟು, ಆ ಕಟ್ಟಿಗೊಂದು ಅವಧಿ: ನಿರ್ಬಂಧವು ಸಹ್ಯವಾಗುವುದು ಈ ಎರಡರಿಂದ.

ಇದೇ ಕ್ರಮವನ್ನು ಒಂದು ಗ್ರಾಮವು ಮೊಬೈಲಿಗೆ ಅನ್ವಯಿಸಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನವರು 2022ರ ಆಗಸ್ಟಿನಲ್ಲಿ ಗ್ರಾಮಸಭೆ ಸೇರಿ ನಿರ್ಣಯ ಮಾಡಿದರು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್ ಕೂಗಿದೊಡನೆ ಊರಿನಲ್ಲಿ ಟಿ.ವಿ.ಯೂ ಮೊಬೈಲೂ ಸ್ತಬ್ಧ, 8.30ಕ್ಕೆ ಮತ್ತೊಂದು ಕೂಗು. ನಡುವಿನ ಒಂದೂವರೆ ಗಂಟೆ ಮಕ್ಕಳಿಗೆ ಓದು, ಹಿರಿಯರಿಗೆ ಓದು ಅಥವಾ ಪರಸ್ಪರ ಮಾತುಕತೆ. ಆ ಕೂಗು ಮಕ್ಕಳಿಗೆ ಮಾತ್ರ ಕೇಳುವಂತಹುದಲ್ಲ ಎಂಬುದೇ ಅದರ ಬಲ. ಮಳೆಯಲ್ಲಿ ಮಗಳಿಗೆ ಕೊಡೆ ಹಿಡಿದಿದ್ದ ಆ ತಂದೆಯೂ ಮನೆಯೊಳಗೆ ಬೆಚ್ಚಗೆ ಕುಳಿತು ಕೊಡೆ ಹಿಡಿದಿರಲಿಲ್ಲ. ಮಗಳು ಇದ್ದಲ್ಲಿಗೆ ಬಂದು ನಿಂತಿದ್ದನು.

ಆದ್ದರಿಂದ ಮನೆಯಲ್ಲಿ ಒಂದು ಹೊತ್ತನ್ನು ಗೊತ್ತುಮಾಡೋಣ. ಒಂದು ಮಣೆಯ ಮೇಲೋ ಒಂದು ಪೆಟ್ಟಿಗೆಯಲ್ಲೋ ಎಲ್ಲರ ಮೊಬೈಲುಗಳೂ ಒಟ್ಟಿಗೆ ಇರಲಿ. ಮೊದಲು ಇಡುವವರು ಮನೆಯ ಯಜಮಾನರಾಗಲಿ. ನಿರ್ಬಂಧವು ಏಕೆಂದು ಮಗುವಿಗೆ ತಿಳಿಸಿ ಹೇಳೋಣ. ಎಂದಿನವರೆಗೆ ಎಂಬುದನ್ನೂ ಹೇಳೋಣ. ಮೂರು ವರ್ಷಗಳ ತರುವಾಯ ಆ ಮಗು ಹಾಸಿಗೆಯ ಸುರುಳಿಯನ್ನೂ ಪೆಟ್ಟಿಗೆಯನ್ನೂ ಹೊತ್ತು ಪರಸ್ಥಳದ ಬಸ್ಸನ್ನು ಹತ್ತುವುದು. ಅಂದು ಅದರ ಕೈಯಲ್ಲಿ ಮೊಬೈಲು ಇರುವುದು ನಿಶ್ಚಯ. ಜೊತೆಗೆ ನಾವಿರುವುದಿಲ್ಲ ಎಂಬುದೂ ನಿಶ್ಚಯ. ಅಂದಿನ ರಾತ್ರಿ, ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ, ಆ ಮಗು ಮೊಬೈಲನ್ನು ತಾನಾಗಿ ಕೆಳಗಿಟ್ಟು ಪುಸ್ತಕವನ್ನು ತೆರೆದರೆ ನಾವು ಇಟ್ಟುಕೊಂಡಿದ್ದ ನ್ಯಾಸವು ಸಂಪೂರ್ಣವಾಗಿ ಸಂದಾಯವಾಯಿತೆಂದು ತಿಳಿಯಬೇಕು.