ಸಾಧನೆ ಮತ್ತು ನಡತೆ: ಸ್ಟೀವ್ ಜಾಬ್ಸ್ ಎಂಬ ಪ್ರಶ್ನೆ

ದೊಡ್ಡ ಸಾಧನೆ ಮಾಡಿದವರ ಸಣ್ಣತನವನ್ನು ಮನ್ನಿಸಬಹುದೇ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆ. ಆಪಲ್ ಕಂಪನಿಯ ಸಹಸ್ಥಾಪಕ ಸ್ಟೀವ್ ಜಾಬ್ಸ್ (1955–2011) ಅವರ ಬದುಕು ಈ ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ.

ಸಾಧನೆಯ ಬಗ್ಗೆ ತಕರಾರಿಲ್ಲ. 1985ರಲ್ಲಿ ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದ ಜಾಬ್ಸ್, 1997ರಲ್ಲಿ ಮರಳಿ ಬಂದು ದಿವಾಳಿಯ ಅಂಚಿನಲ್ಲಿದ್ದ ಅದನ್ನು ಮೇಲೆತ್ತಿದರು. 2007ರ ಐಫೋನ್ ಜನ ಫೋನ್ ಬಳಸುವ ರೀತಿಯನ್ನೇ ಬದಲಿಸಿತು.

ನಡತೆಯ ಕತೆ ಬೇರೆ. 1978ರಲ್ಲಿ ಹುಟ್ಟಿದ ಲೀಸಾ ತಮ್ಮ ಮಗಳಲ್ಲವೆಂದು ಅವರು ವರ್ಷಗಟ್ಟಲೆ ವಾದಿಸಿದರು. ರಕ್ತಪರೀಕ್ಷೆಯ ನಂತರವೂ ಅನುಮಾನ ಬಿಡಲಿಲ್ಲ. 1974ರಲ್ಲಿ ಗುರುವನ್ನರಸಿ ಭಾರತಕ್ಕೆ ಬಂದಾಗ ಜೊತೆಗಿದ್ದ ಗೆಳೆಯ ಡೇನಿಯಲ್ ಕಾಟ್ಕಿ, ಆಪಲ್‌ನ ಮೊದಲ ದಿನಗಳಿಂದಲೂ ದುಡಿದವರು. 1980ರಲ್ಲಿ ಷೇರುಗಳು ಮಾರುಕಟ್ಟೆಗೆ ಬಂದಾಗ ಜಾಬ್ಸ್ ಕಾಟ್ಕಿಗೆ ಒಂದನ್ನೂ ಕೊಡಲಿಲ್ಲ. ಇನ್ನೊಬ್ಬ ಸ್ಥಾಪಕ ಸ್ಟೀವ್ ವಾಜ್ನಿಯಾಕ್ ತಮ್ಮ ಪಾಲಿನಿಂದಲೇ ಕಾಟ್ಕಿಯಂಥವರಿಗೆ ಷೇರು ಹಂಚಿದರು.

ಆ ಕಾಠಿಣ್ಯವಿಲ್ಲದಿದ್ದರೆ ಈ ಸಾಧನೆಯೂ ಇರುತ್ತಿರಲಿಲ್ಲ ಎಂಬುದು ಅಭಿಮಾನಿಗಳ ಸಮರ್ಥನೆ. ಕೆಲಸದಲ್ಲಿನ ಕಟ್ಟುನಿಟ್ಟಿನ ಮಟ್ಟಿಗೆ ಇದರಲ್ಲಿ ಹುರುಳಿದೆ. ಅರೆಬರೆ ಕೆಲಸವನ್ನು ಅವರು ಒಪ್ಪುತ್ತಿರಲಿಲ್ಲ, ಹಾಗೆಂದೇ ಸಾಧನಗಳು ಅಷ್ಟು ನಯವಾದವು. ಆದರೆ ಮಗಳನ್ನು ನಿರಾಕರಿಸಿದ್ದರಿಂದಾಗಲೀ ಗೆಳೆಯನನ್ನು ಬರಿಗೈಯಲ್ಲಿ ಬಿಟ್ಟಿದ್ದರಿಂದಾಗಲೀ ಯಾವ ಯಂತ್ರವೂ ಉತ್ತಮಗೊಳ್ಳಲಿಲ್ಲ.

ಬ್ರಿಟಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರ ಪ್ರಬಂಧವೊಂದರಲ್ಲಿ, ಸಂಸಾರ ತೊರೆದು ದೂರದ ದ್ವೀಪಕ್ಕೆ ಹೋಗುವ ಗೋಗ್ಯಾನ್‌ನಂಥ ಚಿತ್ರಕಾರನ ಉದಾಹರಣೆ ಕೊಡುತ್ತಾರೆ. ಚಿತ್ರಗಳು ಶ್ರೇಷ್ಠವಾದರೆ ತನ್ನ ಆಯ್ಕೆ ಸರಿಯೆಂದು ಅವನಿಗೆ ಅನ್ನಿಸಬಹುದು. ಆದರೆ ನೊಂದ ಹೆಂಡತಿ ಮಕ್ಕಳು ಅದನ್ನು ಒಪ್ಪಬೇಕಾಗಿಲ್ಲ.

ಜಾಬ್ಸ್ ನಂಬಿದ ಝೆನ್ ಬೌದ್ಧಮತದಿಂದಲೂ ಅವರಿಗೆ ರಿಯಾಯಿತಿ ಸಿಗುವುದಿಲ್ಲ. ಝೆನ್ ಗುರು ಕೋಬುನ್ ಚಿನೋ ಒಟೊಗಾವಾ ಅವರ ಬಳಿ ಕಲಿತರು. 1991ರಲ್ಲಿ ಮದುವೆಯನ್ನು ನಡೆಸಿಕೊಟ್ಟವರೂ ಆ ಗುರುವೇ. ಝೆನ್‌ನ ಸರಳತೆ, ಏಕಾಗ್ರತೆಗಳು ಜಾಬ್ಸ್ ಅವರ ವಿನ್ಯಾಸಗಳಲ್ಲಿ ಎದ್ದು ಕಾಣುತ್ತವೆ. ಆದರೆ ಬೌದ್ಧಮಾರ್ಗದಲ್ಲಿ ಶೀಲ (ನಡತೆ), ಸಮಾಧಿ (ಏಕಾಗ್ರತೆ), ಪ್ರಜ್ಞೆ (ವಿವೇಕ) ಒಂದಕ್ಕೊಂದು ಆಧಾರ. ಶೀಲವನ್ನು ಕೈಬಿಟ್ಟ ಏಕಾಗ್ರತೆ ಕುಶಲತೆಯನ್ನು ಕೊಡಬಹುದು, ಕರುಣೆಯನ್ನಲ್ಲ.

ಹೀಗಾಗಿ ಮೆಚ್ಚುಗೆ, ಅಸಮಾಧಾನ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಗೊಂದಲವಲ್ಲ. ಅವುಗಳ ವಿಷಯಗಳೇ ಬೇರೆ. ಸಾಧನಗಳನ್ನು ಬಳಸಿದವರು ಕೃತಜ್ಞರಾಗಿರಬಹುದು. ಕ್ಷಮಿಸುವ ಅಧಿಕಾರ ಮಾತ್ರ ಅವರದಲ್ಲ, ನೊಂದವರದು.